ಎರಡು ಚಪ್ಪಾಳೆ

ನನ್ನ ತಮ್ಮನನ್ನು ನೀವು ನೋಡಿರಬಹುದು. ಅವನ ಆಟ ನೋಡಿರಲಿಕ್ಕಿಲ್ಲ, ಫೋನಿನಲ್ಲಿ ಓಡಾಡುವ ಆ ವಿಡಿಯೊ ನೋಡಿರುತ್ತೀರಿ. ಟೆನಿಸ್ ಆಟಗಾರನೊಬ್ಬನಿಗೆ ಗೆಲ್ಲಲು ಒಂದೇ ಪಾಯಿಂಟು ಬಾಕಿ. ಎದುರಾಳಿ ಹೊಡೆದ ಚೆಂಡು ಗೆರೆಯಾಚೆ ಬಿದ್ದಿದೆ ಎಂದು ಕೈ ಎತ್ತಿ ಅಂಪೈರನ್ನು ಕರೆಯುತ್ತಾನೆ. ಅಂಪೈರು ಕುರ್ಚಿಯಿಂದ ಇಳಿದು ಬರುವಷ್ಟರಲ್ಲಿ, ಮಣ್ಣಿನ ಮೇಲೆ ಚೆಂಡು ಬಿಟ್ಟ ಗುರುತನ್ನು ತಾನೇ ಕಾಲಿನಿಂದ ಒರೆಸಿಬಿಡುತ್ತಾನೆ. ಕೆಳಗಡೆ ಹಲ್ಲು ಕಿರಿಯುವ ಹಳದಿ ಮುಖಗಳ ಸಾಲು. ಆ ಪೆದ್ದ ನನ್ನ ತಮ್ಮ.

ನಗಬೇಡಿ ಎಂದು ನಾನು ಹೇಳುವುದಿಲ್ಲ. ಎಲ್ಲರೂ ನಕ್ಕಿದ್ದಾರೆ, ನೀವೊಬ್ಬರು ಬಿಟ್ಟರೆ ಅವನಿಗೇನೂ ಆಗಬೇಕಾದ್ದಿಲ್ಲ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆ ವಿಡಿಯೊ ತೀರ ತಡವಾಗಿ ಶುರುವಾಗುತ್ತದೆ. ಅದು ಶುರುವಾಗಬೇಕಾದದ್ದು ನಮ್ಮ ಅಪ್ಪನ ಪೊರಕೆಯಿಂದ.

ಅಪ್ಪ ಟೆನಿಸ್ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದ. ಕೋರ್ಟಿನಲ್ಲಿ ಕೆಲಸ ಅಂದರೆ ಕೇಳಿದವರು ಮೊದಲು ಕರಿಕೋಟು ನೆನೆಸಿಕೊಂಡು ಮರ್ಯಾದೆ ಕೊಡುತ್ತಿದ್ದರು, ಕೈಯಲ್ಲಿ ಪೊರಕೆ ಕಂಡ ಮೇಲೆ ವಾಪಸು ತೆಗೆದುಕೊಳ್ಳುತ್ತಿದ್ದರು. ಅಲ್ಲಿದ್ದದ್ದು ಇಟ್ಟಿಗೆ ಪುಡಿಯ ಕೆಂಪು ಮಣ್ಣಿನ ಅಂಕಣಗಳು. ಸಂಜೆ ಆಟ ಮುಗಿದ ಮೇಲೆ ಅಗಲವಾದ ಬಲೆಯನ್ನು ಎಳೆದು ಮಣ್ಣು ಸಮ ಮಾಡಬೇಕು, ಬಿಳಿ ಗೆರೆಗಳನ್ನು ಬ್ರಷ್ಷಿನಿಂದ ಗುಡಿಸಬೇಕು, ನೀರು ಚಿಮುಕಿಸಬೇಕು. ನೀರು ಹೆಚ್ಚಾದರೆ ಕೆಸರು, ಕಡಿಮೆಯಾದರೆ ಧೂಳು. ಅಪ್ಪನ ಅಂಕಣ ಅದೆರಡೂ ಆದದ್ದನ್ನು ನಾನು ಕಂಡಿಲ್ಲ. ಸಾಮಾನಿನ ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ ನಮ್ಮದು. ಹಾಸಿಗೆಯಲ್ಲಿ, ನೀರಿನ ಹೂಜಿಯಲ್ಲಿ, ನಮ್ಮ ಕಿವಿಯ ಸಂದಿಯಲ್ಲಿ ಆ ಕೆಂಪು ಪುಡಿ. "ಈ ಮನೇಲಿ ಬಿಳಿ ಬಟ್ಟೆ ಅನ್ನೋದನ್ನ ನಾನು ಅಂಗಡೀಲಿ ಮಾತ್ರ ನೋಡಿದ್ದು" ಎಂದು ಅಮ್ಮ ಒಗೆಯುವ ಕಲ್ಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಕೆಲಸದವರ ಮಕ್ಕಳು ಅಂಕಣಕ್ಕೆ ಕಾಲಿಡಬಾರದು ಎಂದು ಕ್ಲಬ್ಬಿನ ಸೆಕ್ರೆಟರಿ ಸಾಹೇಬರ ಕಟ್ಟುನಿಟ್ಟು. ಕಾಲಿಟ್ಟರೆ ಅಪ್ಪನ ಕೆಲಸ ಹೋದಂತೆಯೇ. ತಮ್ಮನೋ, ನಡೆಯಲು ಕಲಿತಾಗಿನಿಂದ ಮುರುಕು ರ‍್ಯಾಕೆಟ್ಟು ಹಿಡಿದು ಶೆಡ್ಡಿನ ಗೋಡೆ ಬಡಿಯುತ್ತಿದ್ದವನು. ಅತ್ತು ಕರೆದು ಅಪ್ಪನ ತಲೆ ತಿಂದ. ಕೊನೆಗೆ ಅಪ್ಪ ಒಂದು ಉಪಾಯ ಮಾಡಿದ. ಸದಸ್ಯರು ಬರುವುದಕ್ಕೆ ಮುಂಚೆ, ಬೆಳಕು ಹರಿಯುವ ಹೊತ್ತಿಗೆ ಒಂದಿಷ್ಟು ಹೊತ್ತು.

"ಆಡು. ಆದ್ರೆ ನೀನು ಆಡಿದ್ದು ಆ ಮಣ್ಣಿಗೂ ಗೊತ್ತಾಗ್ಬಾರ್ದು" ಅಂದ.

ಅದರ ಅರ್ಥ ಇಷ್ಟು. ಸೆಕ್ರೆಟರಿ ಕೋಟು ತೊಟ್ಟು ಬೆಳಗಿನ ವಾಕಿಂಗಿಗೆ ಯಾವಾಗ ಬೇಕಾದರೂ ಬರಬಹುದು, ಇಡೀ ಅಂಕಣಕ್ಕೆ ಬಲೆ ಎಳೆಯುವಷ್ಟು ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ಚೆಂಡು ಬಿದ್ದಲ್ಲೆಲ್ಲ ಆಗಿಂದಾಗ ಗುರುತು ಅಳಿಸಬೇಕು. ನೆಟ್ಟಿನ ಈಚೆ ನಾನು, ಆಚೆ ಅವನು. ನಾನು ಹೊಡೆದ ಚೆಂಡು ಅವನ ಮುಂದೆ ಬೀಳುವುದು, ಅವನು ಅದನ್ನು ವಾಪಸು ಹೊಡೆಯುವುದು, ಮರುಕ್ಷಣ ಅವನ ಬಲಗಾಲು ಸರಕ್ಕನೆ ಆ ಗುರುತಿನ ಮೇಲೆ ಹಾಯುವುದು. ನೋಡಲು ಕುಣಿತದಂತಿತ್ತು. ಅಪ್ಪ ಗೇಟಿನ ಹತ್ತಿರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಸಾಹೇಬರು ಕಂಡ ಕೂಡಲೇ ಹಕ್ಕಿ ಓಡಿಸುವವನ ಹಾಗೆ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದ. ಪಟ್, ಪಟ್. ಅಷ್ಟು ಕೇಳಿದರೆ ಎದುರಿಗಿದ್ದ ಗುರುತು ಒರೆಸಿ ಇಬ್ಬರೂ ಶೆಡ್ಡಿಗೆ ಪರಾರಿ. ಸಾಹೇಬರು ಬಂದು ನುಣ್ಣನೆಯ ಮಣ್ಣು ನೋಡಿ ಅಪ್ಪನ ಬೆನ್ನು ತಟ್ಟಿ ಹೋಗುತ್ತಿದ್ದರು.

ಅದು ಎಷ್ಟು ಅಭ್ಯಾಸವಾಯಿತೆಂದರೆ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಅಪ್ಪ ತಮಾಷೆಗೆ ಎರಡು ಚಪ್ಪಾಳೆ ತಟ್ಟಿದರೆ ತಮ್ಮನ ಬಲಗಾಲು ನೆಲದ ಮೇಲೆ ಸರಿದಾಡಿಬಿಡುತ್ತಿತ್ತು. ಅವನಿಗೇ ಗೊತ್ತಾಗುತ್ತಿರಲಿಲ್ಲ. ಅಮ್ಮ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. "ಈ ಕಾಲು ಇವನದಲ್ಲ ಬಿಡಿ, ನಿಮ್ಮದೇ" ಅನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ಆ ನಗುವಿಗೇ ಬೆಂಕಿ ಹಾಕಬೇಕು ಅನ್ನಿಸುತ್ತದೆ.

ಒಂದು ಬೆಳಗ್ಗೆ ಕ್ಲಬ್ಬಿಗೆ ಹೊಸದಾಗಿ ಬಂದಿದ್ದ ಕೋಚ್ ಹಿಂದಿನ ಗೇಟಿನಿಂದ ಬಂದರು. ಅಪ್ಪ ಕಾಯುತ್ತಿದ್ದದ್ದು ಮುಂದಿನ ಗೇಟಿನಲ್ಲಿ. ಅವರು ಬೇಲಿಗೆ ಒರಗಿ ತುಂಬ ಹೊತ್ತು ನೋಡಿದ್ದಾರೆ, ನಮಗೆ ಪರಿವೆಯೇ ಇಲ್ಲ.

"ಲೋ, ಯಾಕೋ ನೆಲ ಒರೆಸ್ತಿದ್ದೀಯ? ಇದೇನು ನಿಮ್ಮನೆ ಅಡುಗೆಮನೇನಾ?"

ತಮ್ಮ ರ‍್ಯಾಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟ. ಆದರೆ ಅವರು ಬೈಯಲಿಲ್ಲ, ಇನ್ನೊಂದು ಸಲ ಸರ್ವ್ ಮಾಡು ಅಂದರು. ಆಮೇಲೆ ಸೆಕ್ರೆಟರಿಯ ಜೊತೆ ಜಗಳವಾಡಿ ಅವನನ್ನು ತಮ್ಮ ಶಿಷ್ಯನನ್ನಾಗಿ ಮಾಡಿಕೊಂಡರು. ಅವರು ಕಲಿಸಿದ್ದಕ್ಕಿಂತ ಬಿಡಿಸಿದ್ದೇ ಹೆಚ್ಚು. ಮಣ್ಣಿನ ಅಂಕಣದಲ್ಲಿ ಚೆಂಡಿನ ಗುರುತೇ ಸಾಕ್ಷಿ. ಚೆಂಡು ಒಳಗೋ ಹೊರಗೋ ಎಂದು ತಕರಾರು ಬಂದರೆ ಅಂಪೈರು ಇಳಿದು ಬಂದು ಗುರುತು ನೋಡಿ ತೀರ್ಪು ಕೊಡುತ್ತಾನೆ. ಅದಕ್ಕೆ ಮುಂಚೆ ಆಟಗಾರ ತಾನೇ ಅದನ್ನು ಅಳಿಸಿದರೆ, ಚೆಂಡು ಒಳಗಿತ್ತು ಎಂದು ಒಪ್ಪಿಕೊಂಡಂತೆ. ಆಮೇಲೆ ಬಾಯಿ ಬಡಿದುಕೊಂಡರೂ ಪ್ರಯೋಜನವಿಲ್ಲ. ಒರೆಸಿದಾಗಲೆಲ್ಲ ಕೋಚ್ ಅವನನ್ನು ಮೈದಾನದ ಸುತ್ತ ಓಡಿಸಿದರು. ಓಡಿ ಓಡಿ ಕಾಲು ಬುದ್ಧಿ ಕಲಿಯಿತು, ಅಥವಾ ಕಲಿತಂತೆ ನಟಿಸಿತು.

ಅಲ್ಲಿಂದ ಅವನು ಏರಿದ. ಕಿರಿಯರಲ್ಲಿ ಎದುರಿಗೆ ಬಂದವರನ್ನೆಲ್ಲ ಸೋಲಿಸಿದ. ಅವನ ಬ್ಯಾಕ್‌ಹ್ಯಾಂಡ್ ಹೊಡೆತಕ್ಕೆ ಸದಸ್ಯರ ಮಕ್ಕಳು ಮುಖ ಊದಿಸಿಕೊಂಡು ಮನೆಗೆ ಹೋಗುತ್ತಿದ್ದರು. ನಾನು ರ‍್ಯಾಕೆಟ್ಟಿಗೆ ತಂತಿ ಕಟ್ಟುವುದನ್ನು ಕಲಿತೆ. ಕೋಚ್ ಕೊಟ್ಟ ಹಳೇ ಯಂತ್ರವನ್ನು ಕಿಟಕಿಯ ಪಕ್ಕ ಇಟ್ಟುಕೊಂಡು ಅವನಿಗೆ ಬೇಕಾದ ಬಿಗಿಗೆ ತಂತಿ ಎಳೆದು ಕೊಡುತ್ತಿದ್ದೆ. ಇವತ್ತಿಗೂ ನನ್ನ ಕಸುಬು ಅದೇ. ಬೆರಳ ತುದಿಗಳು ಒರಟಾಗಿ ಸೂಜಿ ಹಿಡಿದರೂ ತಿಳಿಯುವುದಿಲ್ಲ.

ವೃತ್ತಿ ಆಟಗಾರನಾದ ಮೇಲೆ ಅವನ ಬದುಕು ಪ್ರಯಾಣದ ಪೆಟ್ಟಿಗೆಯೊಳಗೆ ಹೋಯಿತು. ಟಿ.ವಿ.ಯಲ್ಲಿ ಕಾಣುವ ಟೆನಿಸ್ಸೇ ಬೇರೆ, ಇವನದೇ ಬೇರೆ. ಹೆಸರು ಹೇಳಲು ನಾಲಿಗೆ ತಿರುಗದ ಪಟ್ಟಣಗಳು, ಮೂರು ಜನ ಸೇರಿ ಮಲಗುವ ಕೋಣೆ, ವಾಶ್‌ಬೇಸಿನ್ನಿನಲ್ಲಿ ಅಂಗಿ ಒಗೆದು ಕಿಟಕಿಗೆ ನೇತುಹಾಕುವುದು. "ಇವತ್ತಿನ ಮ್ಯಾಚ್ ನೋಡೋಕೆ ನಾಲ್ಕು ಜನ ಬಂದಿದ್ರು ಅಕ್ಕಾ. ಅದ್ರಲ್ಲಿ ಒಬ್ಬ ದಾರಿ ತಪ್ಪಿ ಬಂದವನು" ಅಂತ ಫೋನು ಮಾಡುತ್ತಿದ್ದ. ಆ ಆಟದಲ್ಲಿ ಇನ್ನೊಂದು ಅನ್ಯಾಯವಿದೆ. ಹೋದ ವರ್ಷ ಗೆದ್ದದ್ದು ಈ ವರ್ಷಕ್ಕೆ ಉಳಿಯುವುದಿಲ್ಲ. ಅದೇ ಹೊತ್ತಿಗೆ ಮತ್ತೆ ಗೆಲ್ಲದಿದ್ದರೆ ಹಳೆಯ ಪಾಯಿಂಟುಗಳು ಉದುರಿಹೋಗಿ ರ‍್ಯಾಂಕಿಂಗು ಜಾರುತ್ತದೆ. ನಿಂತಲ್ಲಿ ನಿಲ್ಲುವುದಕ್ಕೂ ಓಡುತ್ತಿರಬೇಕು.

ಆದರೂ ಇನ್ನೂರರೊಳಗೆ ಬಂದ. ಒಂದು ಸಣ್ಣ ಟೂರ್ನಿ ಗೆದ್ದ. ಪೇಪರಿನಲ್ಲಿ ಫೋಟೊ ಬಂತು. ಸೆಕ್ರೆಟರಿ ಸಾಹೇಬರು ಅದನ್ನು ದೊಡ್ಡದು ಮಾಡಿಸಿ ಕ್ಲಬ್ಬಿನ ಗೋಡೆಗೆ ಹಾಕಿ, "ನಮ್ಮ ಅಂಕಣದಲ್ಲೇ ಬೆಳೆದ ಹುಡುಗ" ಎಂದು ಕೆಳಗೆ ಬರೆಸಿದರು. ನಾಚಿಕೆ ಎಂಬುದು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಅದನ್ನು ನೋಡಲು ಅಪ್ಪ ಹಿಂಬಾಗಿಲಿನಿಂದಲೇ ಹೋಗಬೇಕಾಯಿತು.

ಆಮೇಲೆ ಮಣಿಕಟ್ಟು ಕೈಕೊಟ್ಟಿತು. ಆಪರೇಷನ್ನು, ಕಟ್ಟು, ಒಂದಿಡೀ ವರ್ಷ ಮನೆ. ರ‍್ಯಾಂಕಿಂಗು ಪಾತಾಳಕ್ಕೆ. ಎಡಗೈಯಲ್ಲಿ ಬಾಚಣಿಗೆ ಹಿಡಿದು ಕನ್ನಡಿ ಮುಂದೆ ನಿಂತು ತನ್ನನ್ನೇ ಬೈದುಕೊಳ್ಳುತ್ತಿದ್ದ. ನಾನು ತಂತಿಯ ಬಿಗಿ ಇಳಿಸಿ ಇಳಿಸಿ, ಕೈಗೆ ಪೆಟ್ಟು ಬೀಳದಂಥ ಹದ ಹುಡುಕಿ ಕೊಟ್ಟೆ. ಮತ್ತೆ ಅದೇ ಪೆಟ್ಟಿಗೆ, ಅದೇ ಬೇಸಿನ್ನು. ಮತ್ತೆ ಏರಿದ. ಈ ಸಲ ವಯಸ್ಸು ಅವನ ಕಡೆಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ: ಜಗತ್ತಿನ ದೊಡ್ಡ ಟೂರ್ನಿಯೊಂದರ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ. ಗೆಲ್ಲುವುದಲ್ಲ, ಆಡುವುದು. "ಒಂದ್ಸಲ ಆ ಬಾಗಿಲಿಂದ ಒಳಗೆ ಹೋದ್ರೆ ಸಾಕು ಅಕ್ಕಾ. ಆಮೇಲೆ ಯಾವನೂ ನನ್ನನ್ನ ಹೊರಗಿನವನು ಅನ್ನೋ ಹಾಗಿಲ್ಲ" ಅನ್ನುತ್ತಿದ್ದ.

ಮೇಲಿನ ನೂರು ಚಿಲ್ಲರೆ ಜನಕ್ಕೆ ಮಾತ್ರ ಅಲ್ಲಿ ನೇರ ಪ್ರವೇಶ. ಉಳಿದವರು ಹಿಂದಿನ ವಾರ ಅರ್ಹತಾ ಪಂದ್ಯಗಳನ್ನು ಆಡಬೇಕು, ಮೂರಕ್ಕೆ ಮೂರೂ ಗೆಲ್ಲಬೇಕು. ಆ ವರ್ಷ ಅವನಿಗೆ ಅರ್ಹತಾ ಸುತ್ತಿನಲ್ಲಿ ಜಾಗ ಸಿಕ್ಕಿತು. ಅಂಕಣಕ್ಕೆ ದಿನಾ ನೀರು ಹಾಕುವವರಿಲ್ಲ ಎಂದು ಅಪ್ಪ ಅಲ್ಲಿಯವರೆಗೆ ಮಗನ ಒಂದು ವೃತ್ತಿಪಂದ್ಯವನ್ನೂ ನೋಡಿರಲಿಲ್ಲ. ಈ ಸಲ ತಮ್ಮ ಹಟ ಹಿಡಿದ. "ಅಪ್ಪ ಬರ್ಲೇಬೇಕು." ಅಮ್ಮನಿಗೆ ಪ್ರಯಾಣ ಆಗುವುದಿಲ್ಲ, ಅಪ್ಪನನ್ನು ಕರೆದುಕೊಂಡು ನಾನು ಹೋದೆ.

ಅಲ್ಲಿಯ ಕೆಂಪು ಮಣ್ಣು ನೋಡಿ ಅಪ್ಪ ಮಗನ ಆಟವನ್ನೇ ಮರೆತ. ಬಗ್ಗಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, "ನೀರು ಸ್ವಲ್ಪ ಜಾಸ್ತಿ ಹೊಡೀತಾರೆ ಇವ್ರು" ಎಂದು ಮೂಗು ಮುರಿದ. ಮೊದಲ ಪಂದ್ಯ ತಮ್ಮ ಗೆದ್ದ. ಎರಡನೆಯದನ್ನೂ ಗೆದ್ದ. ಅಪ್ಪ ಬೆಂಚಿನ ತುದಿಯಲ್ಲಿ ಕೂತು ನೋಡಿದ. ಅಲ್ಲಿಯವರು ಯಾವಾಗ ಚಪ್ಪಾಳೆ ತಟ್ಟುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ, ಹಾಗಾಗಿ ಕೈ ಕಟ್ಟಿಕೊಂಡೇ ಕೂತಿದ್ದ.

ಮೂರನೆಯ ಪಂದ್ಯ ಕೊನೆಯ ಸೆಟ್ಟಿನ ಕೊನೆಗೆ ಬಂತು. ತಮ್ಮನಿಗೆ ಮ್ಯಾಚ್ ಪಾಯಿಂಟ್. ಅವನ ಸರ್ವ್, ಎದುರಾಳಿಯ ಉತ್ತರ, ಇವನು ಮೂಲೆಗೆ ಹೊಡೆದ, ಅವನು ಓಡಿಬಂದು ಉದ್ದಕ್ಕೆ ಎತ್ತಿಹೊಡೆದ. ಚೆಂಡು ಹಿಂದಿನ ಗೆರೆಯ ಆಚೆ ಬಿತ್ತು. ನಾವು ಕೂತಿದ್ದದ್ದು ಆ ಗೆರೆಯ ನೇರಕ್ಕೆ. ಗೆರೆಗೂ ಗುರುತಿಗೂ ನಡುವೆ ಎರಡು ಬೆರಳು ಕೆಂಪು ಮಣ್ಣು ನನ್ನ ಕಣ್ಣಿಗೇ ಕಂಡಿತು. ಗೆರೆ ಕಾಯುವವನು ಮಾತ್ರ ಔಟ್ ಎಂದು ಕೂಗಲಿಲ್ಲ. ತಮ್ಮ ಆಟ ನಿಲ್ಲಿಸಿ ಕೈ ಎತ್ತಿದ. ನೀಲಿ ಕೋಟಿನ ಅಂಪೈರು ಕುರ್ಚಿಯಿಂದ ಇಳಿದು ಅವನ ಕಡೆಗೆ ನಡೆಯತೊಡಗಿದ. ಜನರ ಗದ್ದಲ ಅಡಗಿತು.

ಅಪ್ಪನಿಗೆ ಅಂಪೈರು ಬೇಕಿರಲಿಲ್ಲ. ಮಣ್ಣಿನ ಮೇಲಿನ ಗುರುತು ಅವನಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಮಗ ಗೆದ್ದ ಎಂದು ತಡೆಯಲಾರದೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ಪಟ್, ಪಟ್. ಅಷ್ಟಕ್ಕೇ ಪಕ್ಕದವನೊಬ್ಬ ಸದ್ದು ಮಾಡಬೇಡಿ ಎಂದು ಅಪ್ಪನ ಕೈ ಹಿಡಿದ. ಅಪ್ಪ ನಾಚಿಕೊಂಡು ಕೂತುಬಿಟ್ಟ.

ಆ ಮೌನದಲ್ಲಿ ಎರಡೇ ಚಪ್ಪಾಳೆ. ಎದುರಿಗೆ ಕೋಟು ತೊಟ್ಟವನೊಬ್ಬ ನಡೆದು ಬರುತ್ತಿದ್ದಾನೆ. ನನ್ನ ಕಾಲು ಬೆಂಚಿನ ಕೆಳಗೆ ತಾನಾಗಿ ಅಲುಗಿತು. ತಲೆ ಎತ್ತಿ ನೋಡಿದೆ. ತಮ್ಮನ ಬಲಗಾಲು ಗುರುತಿನ ಮೇಲೆ ಸರಕ್ಕನೆ ಹಾದುಹೋಗಿತ್ತು.

ಅಂಪೈರು ನುಣ್ಣನೆಯ ಮಣ್ಣು ನೋಡಿದ. ತಮ್ಮನ ಮುಖ ನೋಡಿದ. ಪಾಪ ಅನ್ನಿಸಿರಬೇಕು, ಭುಜ ಮುಟ್ಟಿ ಏನೋ ಹೇಳಿ ವಾಪಸು ಹೋಗಿ ಪಾಯಿಂಟನ್ನು ಎದುರಾಳಿಗೆ ಕೊಟ್ಟ. ನಿಯಮ ನಿಯಮವೇ. ಎದುರಾಳಿ ಬಾಯಿ ಮುಚ್ಚಿಕೊಂಡು ನಕ್ಕ. ಆಮೇಲಿನದನ್ನು ಆಟ ಅನ್ನುವಂತಿಲ್ಲ. ತಮ್ಮ ತನ್ನ ಕಾಲನ್ನೇ ನೋಡಿಕೊಳ್ಳುತ್ತ ಒಂದೊಂದೇ ಪಾಯಿಂಟು ಬಿಟ್ಟುಕೊಟ್ಟು ಸೋತ.

ಹೊರಗೆ ಓಣಿಯಲ್ಲಿ ಸಿಕ್ಕಾಗ ಅಪ್ಪ ಕೆಂಡವಾಗಿದ್ದ.

"ಯಾಕೋ ಒರೆಸ್ದೆ? ಕೋಚು ಬಾಯಿ ಬಾಯಿ ಬಡ್ಕೊಂಡು ಹೇಳಿದ್ರಲ್ಲೋ!"

ತಮ್ಮ ಮೊದಲು ನನ್ನ ಮುಖ ನೋಡಿದ. ಆಮೇಲೆ, "ಜ್ಞಾನ ಇರ್ಲಿಲ್ಲ ಅಪ್ಪಾ" ಅಂದ.

ಅಪ್ಪ ನೀರು ಕುಡಿಯಲು ಅತ್ತ ಹೋದಾಗ ನನ್ನ ಕೈ ಹಿಡಿದುಕೊಂಡ. "ನಿಂಗೂ ಕೇಳಿಸ್ತು ಅಲ್ವಾ?"

"ಕೇಳಿಸ್ತು."

"ಅಪ್ಪಂಗೆ ಹೇಳ್ಬೇಡ. ನಾನು ಸತ್ರೂ ಹೇಳ್ಬೇಡ. ಗೊತ್ತಾದ್ರೆ ಅವ್ನು ಉಳಿಯಲ್ಲ."

ಹೇಳಲಿಲ್ಲ. ಹೇಳದೆ ನಾನು ಕಂಡದ್ದು ಇಷ್ಟು: ಅಪ್ಪ ಸಿಕ್ಕಿದವರ ಮುಂದೆಲ್ಲ ಮಗನನ್ನು ಹಳಿದ. "ನಾನು ನೀರು ಹಾಕಿ ಹಾಕಿ ಬೆಳೆಸಿದ್ದನ್ನ ಕಾಲಲ್ಲಿ ಒರೆಸಿಬಂದ" ಅಂದ. ಮಗ ಮನೆಗೆ ಬಂದರೆ ಅದನ್ನೇ ಮುಖದ ಮೇಲೆ ಅಂದ. ತಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡ. ನನಗೆ ಅಪ್ಪನ ಪೊರಕೆ ಕಿತ್ತುಕೊಂಡು ಎರಡು ಬಾರಿಸಬೇಕು ಅನ್ನಿಸುತ್ತಿತ್ತು. ಮರುಕ್ಷಣ, ಪಾಪ, ಅವನಿಗೇನು ಗೊತ್ತು ಅನ್ನಿಸುತ್ತಿತ್ತು. ಇಬ್ಬರ ನಡುವೆ ನನ್ನ ನಾಲಿಗೆ ಸುಟ್ಟುಹೋಯಿತು.

ಆಟಗಾರನಾಗಿ ತಮ್ಮ ಮತ್ತೆ ಆ ಬಾಗಿಲ ಹತ್ತಿರ ಸುಳಿಯಲಿಲ್ಲ. ವಿಡಿಯೊ ಅವನಿಗಿಂತ ಮುಂಚೆ ಎಲ್ಲ ಊರಿಗೂ ಹೋಗಿ ಕೂತಿರುತ್ತಿತ್ತು. ಪಂದ್ಯ ಮುಗಿದು ಕೈ ಕುಲುಕುವಾಗ ಎಳೆಯ ಆಟಗಾರರು ನೆಲವನ್ನು ಕಾಲಿನಿಂದ ಒರೆಸಿ ಕಣ್ಣು ಮಿಟುಕಿಸುತ್ತಿದ್ದರು. ನಮ್ಮೂರಲ್ಲಿ ಅವನಿಗೆ ಒರೆಸಣ್ಣ ಎಂದೇ ಹೆಸರಾಯಿತು. ಕೆಲವು ವರ್ಷ ಒಬ್ಬ ಪ್ರಖ್ಯಾತ ಆಟಗಾರನ ಅಭ್ಯಾಸಕ್ಕೆ ಚೆಂಡು ಹೊಡೆಯುವ ಕೆಲಸ ಮಾಡಿದ. ಹೇಳಿದ ಜಾಗಕ್ಕೆ ಹೊಡೆಯಬೇಕು, ಗೆಲ್ಲಬಾರದು. ಆ ಮಹಾಶಯ ಮುಖ್ಯ ಸುತ್ತು ಆಡಲು ಹೋಗುವಾಗ ಇವನು ಅವನ ಚೀಲ ಹಿಡಿದು ಅದೇ ಬಾಗಿಲಿನವರೆಗೆ ಹೋಗಿ ನಿಂತದ್ದುಂಟು. ಅದನ್ನು ನನಗೆ ನಗುತ್ತ ಹೇಳಿದ. ನಾನು ಫೋನಿಟ್ಟು ಅತ್ತೆ. ಕ್ಲಬ್ಬಿನ ಗೋಡೆಯ ಫೋಟೊ ಬಣ್ಣ ಬಳಿಯುವ ನೆಪದಲ್ಲಿ ಇಳಿಯಿತು, ಮತ್ತೆ ಏರಲಿಲ್ಲ. ಕಡೆಗೆ ತಮ್ಮ ಅದೇ ಕ್ಲಬ್ಬಿನಲ್ಲಿ ಸದಸ್ಯರ ಮಕ್ಕಳಿಗೆ ಆಟ ಕಲಿಸುವ ಕೆಲಸಕ್ಕೆ ಸೇರಿದ.

ಅಪ್ಪ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಕಿವಿ ಮಂದವಾಗಿತ್ತು. ಒಂದು ಮಧ್ಯಾಹ್ನ ನಮ್ಮ ಫ್ಯಾನು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್, ಕೆಲಸ ಮುಗಿಸಿ ಏಣಿ ಮಡಚುತ್ತ, "ಯಜಮಾನ್ರೇ, ನಿಮ್ಮ ಮಗ ನಮ್ಮ ಗ್ರೂಪಲ್ಲಿ ಮತ್ತೆ ಬಂದಿದ್ದಾರೆ ನೋಡಿ" ಎಂದು ಫೋನು ಹಿಡಿದ. ಅಪ್ಪ ಆ ವಿಡಿಯೊ ಯಾವತ್ತೂ ನೋಡಿರಲಿಲ್ಲ. ಕಣ್ಣಾರೆ ಕಂಡವನಿಗೆ ವಿಡಿಯೊ ಯಾಕೆ? ಕಿವಿ ಕೇಳುವುದಿಲ್ಲವೆಂದು ಎಲೆಕ್ಟ್ರಿಷಿಯನ್ ಸದ್ದನ್ನು ಪೂರಾ ಏರಿಸಿದ. ನಾನು ಕಿಟಕಿಯ ಪಕ್ಕ ತಂತಿ ಎಳೆಯುತ್ತಿದ್ದೆ. ಎದ್ದು ಹೋಗಿ ಕಿತ್ತುಕೊಳ್ಳುವಷ್ಟರಲ್ಲಿ ಕೋಣೆಯ ತುಂಬ ಕೇಳಿಸಿತು: ಪಟ್, ಪಟ್.

"ಇನ್ನೊಂದ್ಸಲ ಹಾಕಪ್ಪ" ಅಂದ ಅಪ್ಪ.

ಅವನು ಖುಷಿಯಾಗಿ ಮತ್ತೆ ಹಾಕಿದ, ನಕ್ಕ, ಹೋದ. ಅಪ್ಪ ಗೋಡೆ ನೋಡುತ್ತ ಕೂತಿದ್ದ.

"ಅದು ನಾನಾ?"

ಹೂಂ ಎಂದು ತಲೆಯಾಡಿಸಿದೆ.

"ಅವನಿಗೆ ಗೊತ್ತಾ?"

"ಗೊತ್ತು ಅಪ್ಪಾ."

"ಅವತ್ತಿಂದಾನೂ?"

"ಅವತ್ತಿಂದಾನೂ."

ಅಪ್ಪ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಅಳುತ್ತಾನೆ ಅಂದುಕೊಂಡೆ. ಅಳಲಿಲ್ಲ. "ನಂಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡಮ್ಮ" ಅಂದ. "ಇಷ್ಟು ವರ್ಷ ಬಾಯಿ ಕಟ್ಕೊಂಡು ನನ್ನ ಕೈಲಿ ಬೈಸ್ಕೊಂಡಿದ್ದಾನೆ. ಅದೊಂದನ್ನಾದ್ರೂ ಅವನು ಗೆದ್ದ ಹಾಗಿರ್ಲಿ."

ಬೈಯುವುದು ಅವತ್ತಿಗೆ ನಿಂತಿತು. ಆದರೆ ಒಳ್ಳೆಯ ಮಾತೂ ಹುಟ್ಟಲಿಲ್ಲ. ಮಗ ಎದುರು ಬಂದು ಕೂತರೆ ಅಪ್ಪ ಎದ್ದು ಒಳಗೆ ಹೋಗಿಬಿಡುತ್ತಿದ್ದ.

ಹೋದ ತಿಂಗಳು ಕ್ಲಬ್ಬಿನವರು ಹಳೆಯ ಆಟಗಾರರ ಪ್ರದರ್ಶನ ಪಂದ್ಯ ಇಟ್ಟುಕೊಂಡಿದ್ದರು. ತಮ್ಮ ಆಡಿದ. ಹೊಟ್ಟೆ ಬಂದಿದೆ, ಓಟ ಹೋಗಿದೆ, ಆ ಬ್ಯಾಕ್‌ಹ್ಯಾಂಡ್ ಮಾತ್ರ ಹಾಗೇ ಇದೆ. ಕೊನೆಯ ಪಾಯಿಂಟನ್ನು ಗೆರೆಯ ಗುಂಟ ಅಂಥದೊಂದು ಹೊಡೆತದಿಂದ ಮುಗಿಸಿದಾಗ ಇಡೀ ಕ್ಲಬ್ಬು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಪ್ಪಾದ ಸೆಕ್ರೆಟರಿ ಸಾಹೇಬರು ಕೂಡ ತಟ್ಟಿದರು. ನನ್ನ ಪಕ್ಕದಲ್ಲಿ ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದ. ತಮ್ಮ ನಮ್ಮ ಬೆಂಚಿನ ಕಡೆಗೊಮ್ಮೆ ನೋಡಿದ. ಅಪ್ಪ ಕೈ ಹೊರಗೆ ತೆಗೆಯಲಿಲ್ಲ. ಆಮೇಲೆ ಎಬ್ಬಿಸುವಾಗ ನೋಡಿದೆ, ಅಂಗೈಗಳಲ್ಲಿ ಬೆಂಚಿನ ಹಲಗೆಯ ಗೆರೆಗಳು ಕೆಂಪಗೆ ಅಚ್ಚೊತ್ತಿದ್ದವು.

ಅಪ್ಪನನ್ನು ಮನೆಗೆ ಬಿಟ್ಟು, ತಮ್ಮನ ರ‍್ಯಾಕೆಟ್ಟು ತರಲು ಶೆಡ್ಡಿಗೆ ಹೋದೆ. ಅವನು ಮಗುಚಿದ ಬಕೆಟ್ಟಿನ ಮೇಲೆ ಕೂತು ಶೂಗಳಿಂದ ಕೆಂಪು ಮಣ್ಣು ಕೊಡವುತ್ತಿದ್ದ.

"ಅಪ್ಪಂಗೆ ಇನ್ನೂ ನನ್ನ ಮೇಲೆ ಕೋಪ ಹೋಗಿಲ್ಲ ಅಲ್ವಾ ಅಕ್ಕಾ?" ಅಂದ. "ಊರೆಲ್ಲ ತಟ್ತು. ಅಪ್ಪ ಒಂದು ಚಪ್ಪಾಳೆ ಕೂಡ ತಟ್ಟಲಿಲ್ಲ ನೋಡು."

ಒಬ್ಬನಿಗೆ ಕೊಟ್ಟ ಮಾತು ಒಂದು ಕಡೆ, ಇನ್ನೊಬ್ಬನಿಗೆ ಕೊಟ್ಟ ಮಾತು ಇನ್ನೊಂದು ಕಡೆ.

"ಹೌದು ಕಣೋ" ಅಂದೆ. "ಮುದುಕನ ಹಟ ನಿಂಗೊತ್ತಲ್ಲ."

ಅವನು ತಲೆಯಾಡಿಸಿ ಇನ್ನೊಂದು ಶೂ ಬಿಚ್ಚಿದ.